ಓದುವ ಸಪ್ತಾಹದಲ್ಲಿ ಕಿತ್ತುಕೊಂಡ ಪುಸ್ತಕ

ಮಾನ್ಯ ಶಾಲಾ ಸಂಚಾಲಕರೇ, ವಂದನೀಯ ಫಾದರ್,

ನಮ್ಮ ಚರ್ಚಿನ ಶಾಲೆಯಲ್ಲಿ ನೀವು ‘ಓದುವ ಸಪ್ತಾಹ’ ಆಚರಿಸಿದ ವಾರದಲ್ಲೇ ನನ್ನ ಮಗಳು ಓದುವುದನ್ನು ಬಿಟ್ಟಳು. ನನ್ನ ದೂರು ಇಷ್ಟೇ. ನಿಮ್ಮ ಕಚೇರಿಗೆ ನನ್ನನ್ನು ಕರೆಸಿಕೊಂಡಾಗ ಮಾತೆಲ್ಲ ನಿಮ್ಮದೇ ಆಯಿತು. ನನ್ನ ಪಾಲಿನ ಮಾತು ಹೇಳದೇ ಉಳಿದು ಅಂದಿನಿಂದ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಬಿಡುತ್ತಿಲ್ಲ. ಹಾಗಾಗಿ ಅದನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

ನಾನು ಕಣ್ಣಾಸ್ಪತ್ರೆಯ ಕನ್ನಡಕದ ಕೌಂಟರಿನಲ್ಲಿ ಕೆಲಸ ಮಾಡುವವಳು. ಮಗಳು ನಿಮ್ಮ ಶಾಲೆಯಲ್ಲಿ ಆರನೇ ತರಗತಿ. ಅವಳಿಗೆ ಓದಿನ ರುಚಿ ಹತ್ತಿದ್ದು ತಡವಾಗಿ, ಹತ್ತಿದ ಮೇಲೆ ಅದು ಹುಚ್ಚೇ. ಓದುತ್ತಾ ನಡೆದು ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಾಳೆ. ಸ್ನಾನಕ್ಕೆ ಕೂಗಿದರೆ “ಇದೊಂದು ಪುಟ ಅಮ್ಮ” ಅನ್ನುತ್ತಾಳೆ. ನೀರು ಆರುತ್ತದೆ, ಆ ಒಂದು ಪುಟ ಮುಗಿಯುವುದಿಲ್ಲ. ಇಂಥ ಮಗುವಿನ ಕೈಗೆ ನಿಮ್ಮ ಸಪ್ತಾಹದ ಕರಪತ್ರ ಬಂತು. ‘ನಿಮ್ಮ ಮೆಚ್ಚಿನ ಪುಸ್ತಕದೊಂದಿಗೆ ಬನ್ನಿ’ ಎಂದಿತ್ತು. ಅವಳು ಅದನ್ನು ನಂಬಿದಳು. ಅಚ್ಚಾದದ್ದನ್ನು ನಂಬುವ ವಯಸ್ಸು ಅದು.

ಸೋಮವಾರ ಅವಳು ಒಯ್ದ ಪುಸ್ತಕದಲ್ಲಿ ಒಂದು ದೆವ್ವ ಇತ್ತು, ನಿಜ. ಕತ್ತಲೆಗೆ ಹೆದರುವ ದೆವ್ವ. ಅಟ್ಟದ ಮೇಲಿರುವ ಅದಕ್ಕೆ ಒಬ್ಬ ಹುಡುಗಿ ದಿನಾ ಸಂಜೆ ದೀಪ ಹಚ್ಚಿಟ್ಟು ಬರುತ್ತಾಳೆ. ಕತೆ ಅರ್ಧಕ್ಕೆ ಬಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದವಳ ಕೈಯಿಂದ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅದನ್ನು ತೆಗೆದುಕೊಂಡರು.

“ದೆವ್ವದ ಪುಸ್ತಕ ನಮ್ಮ ಶಾಲೇಲಿ ಬೇಡ. ಒಳ್ಳೇ ಪುಸ್ತಕ ಓದು.”

“ಒಳ್ಳೇ ಪುಸ್ತಕ ಕೊಡಿ ಸಿಸ್ಟರ್.”

“ಲೈಬ್ರರಿ ಕಪಾಟಿನ ಬೀಗ ಶುಕ್ರವಾರ ಉದ್ಘಾಟನೆ ಆದ್ಮೇಲೆ ತೆಗೀತೀವಿ.”

ಗಮನಿಸಿ ಫಾದರ್, ಓದುವ ಸಪ್ತಾಹದ ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಶಾಲೆಯಲ್ಲಿ ಓದಲು ಪುಸ್ತಕವಿರಲಿಲ್ಲ. ಭಿತ್ತಿಪತ್ರ ಇತ್ತು, ಘೋಷವಾಕ್ಯ ಇತ್ತು, ಓದಿನ ಮಹತ್ವದ ಕುರಿತು ಪ್ರಬಂಧ ಸ್ಪರ್ಧೆಯೂ ಇತ್ತು. ಇನ್ನು ದೆವ್ವದ ಮಾತು. ಭಾನುವಾರ ನಮ್ಮ ಚರ್ಚಿನ ಪೀಠದಿಂದ ಕೇಳುವ ಬೈಬಲ್ ವಾಚನಗಳಲ್ಲಿ ಕತ್ತೆ ಮಾತಾಡಿದೆ, ಮನುಷ್ಯನನ್ನು ಮೀನು ನುಂಗಿದೆ, ಸತ್ತವರು ಎದ್ದು ಬಂದಿದ್ದಾರೆ. ಅದನ್ನು ಕೇಳಿ ಬೆಳೆದ ಮಗುವಿನ ವಿಶ್ವಾಸ ಒಂದು ಅಂಜುಬುರುಕ ದೆವ್ವದಿಂದ ಅಲುಗಾಡೀತೆ? ಹೆದರಿದವರಿಗೆ ದೀಪ ಹಚ್ಚಿಡುವ ಹುಡುಗಿಯ ಕತೆಗಿಂತ ಹೆಚ್ಚಿನ ಧರ್ಮೋಪದೇಶ ನೀವು ಏನು ಮಾಡುತ್ತೀರಿ?

ಶುಕ್ರವಾರ ಸಭೆ ನಡೆಯಿತು. ಧ್ವನಿ ಸ್ಪಷ್ಟವಾಗಿದೆ ಎಂದು ‘ಓದು ನನ್ನ ಗೆಳೆಯ’ ಭಾಷಣಕ್ಕೆ ನನ್ನ ಮಗಳನ್ನೇ ಆರಿಸಿದ್ದರು. ಟೀಚರ್ ಬರೆದುಕೊಟ್ಟದ್ದನ್ನು ಅವಳು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಮುಖ್ಯ ಅತಿಥಿ, ನಿವೃತ್ತ ಪ್ರಾಧ್ಯಾಪಕಿ, ಅವಳನ್ನು ಹತ್ತಿರ ಕರೆದು ಮೈಕಿನಲ್ಲೇ ಕೇಳಿದರು: “ಈಗ ಯಾವ ಪುಸ್ತಕ ಓದ್ತಾ ಇದೀಯಮ್ಮ?”

“ಯಾವ್ದೂ ಇಲ್ಲ ಮೇಡಂ. ನನ್ನ ಪುಸ್ತಕ ಸಿಸ್ಟರ್ ಹತ್ರ ಇದೆ. ಇನ್ನೂ ಅರ್ಧ ಉಳಿದಿತ್ತು.”

ಸಭೆ ನಕ್ಕಿತು. ಅತಿಥಿ ನಗಲಿಲ್ಲ. ಮಗಳೂ ನಗಲಿಲ್ಲ, ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿಯಲೇ ಇಲ್ಲ.

ಮರುದಿನ ನಾನು ನಿಮ್ಮ ಮೇಜಿನ ಮುಂದಿದ್ದೆ. “ಮಗೂಗೆ ಹೀಗೆ ಹೇಳು ಅಂತ ಕಲಿಸಿದ್ದು ಯಾರು?” ಎಂದಿರಿ. ಯಾರೂ ಕಲಿಸಲಿಲ್ಲ ಎಂದೆ. ಶಾಲೆಯ ಮರ್ಯಾದೆಯ ಬಗ್ಗೆ ಬಹಳ ಹೊತ್ತು ಮಾತಾಡಿದಿರಿ. ಕೊನೆಗೆ, ಭಾನುವಾರದ ಪೂಜೆಯಲ್ಲಿ ಅವಳು ಓದಬೇಕಿದ್ದ ಮೊದಲ ವಾಚನವನ್ನು ಬೇರೆ ಮಗುವಿಗೆ ಕೊಟ್ಟಿದ್ದೇವೆ ಎಂದಿರಿ. ಕೇಳಿದ ಪ್ರಶ್ನೆಗೆ ನಿಜ ಹೇಳಿದ ಮಗುವಿಗೆ ದೇವರ ವಾಕ್ಯ ಓದುವ ಅರ್ಹತೆ ಯಾವ ಲೆಕ್ಕದಲ್ಲಿ ತಪ್ಪಿತು? ಅಂದು ಕೇಳಲಾಗಲಿಲ್ಲ, ಇಂದು ಕೇಳುತ್ತಿದ್ದೇನೆ.

ಆ ಭಾನುವಾರ ಅವಳು ಬೆಂಚಿನ ತುದಿಯಲ್ಲಿ ಕೂತು, ಬಾಯಿಪಾಠವಾಗಿದ್ದ ಆ ವಾಚನಕ್ಕೆ ತುಟಿ ಅಲ್ಲಾಡಿಸುತ್ತಿದ್ದಳು. ಮನೆಗೆ ಬಂದವಳು ತನ್ನ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದಳು. ಬೈದರೆ, ಬೇಡಿದರೆ, ಆಸೆ ತೋರಿಸಿದರೆ ಒಂದೇ ಉತ್ತರ: “ಬೇಜಾರು.” ಸ್ನಾನಕ್ಕೆ ಕರೆದರೆ ಕರೆದ ಕೂಡಲೇ ಎದ್ದು ಬರತೊಡಗಿದಳು. ಅದನ್ನು ನೋಡಿ ನನಗೆ ದಿಗಿಲಾಯಿತು.

ನನ್ನ ಗಂಡನದು ಬೇಕರಿ ಕೆಲಸ. ಪುಸ್ತಕ ಮುಟ್ಟುವ ಮನುಷ್ಯನಲ್ಲ. ಅವರು ಯಾರಿಗೂ ಹೇಳದೆ ಹಳೇ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ ಅದೇ ಕತೆಯ ಇನ್ನೊಂದು ಪ್ರತಿ ಹುಡುಕಿ ತಂದರು. ಕೊಟ್ಟರೆ ಅವಳು ಮುಟ್ಟಲಿಲ್ಲ. ಸರಿ, ಇವರೇ ಅಡುಗೆಮನೆಯ ಮೇಜಿಗೆ ಕೂತು ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಶುರು ಮಾಡಿದರು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾ, ಸಾಲಿನ ಕೆಳಗೆ ಬೆರಳಿಡುತ್ತಾ, ದಿನಾ ಸಂಜೆ ಸ್ವಲ್ಪ ಸ್ವಲ್ಪ. ಮಗಳು ಮೊದಲ ದಿನ ಒಳಕೋಣೆಯಲ್ಲಿದ್ದಳು. ಮರುದಿನ ಬಾಗಿಲ ಹತ್ತಿರ ಬಂದಳು. ಆಮೇಲೆ ಅಪ್ಪನ ಪಕ್ಕದ ಕುರ್ಚಿಗೆ. ಶಾಲೆಯಲ್ಲಿ ಕಿತ್ತುಕೊಂಡ ಪುಟ ಬಂದಾಗ ಕೈ ಚಾಚಿ, “ಇಲ್ಲಿಂದ ನಾನು ಓದ್ತೀನಿ ಅಪ್ಪ” ಎಂದಳು. ಅವರು ಪುಸ್ತಕ ಕೊಟ್ಟು ಮುಖ ತೊಳೆಯುವ ನೆಪದಲ್ಲಿ ಎದ್ದು ಹೋದರು.

ಇಲ್ಲಿಗೆ ಎಲ್ಲ ಸುಖಾಂತ್ಯ ಎಂದು ನೀವು ನೆಮ್ಮದಿಯ ಉಸಿರು ಬಿಡಬಹುದು. ಮೊನ್ನೆ ನಾನು ಅವಳ ಚೀಲಕ್ಕೆ ಒಂದು ಕತೆ ಪುಸ್ತಕ ಹಾಕಲು ಹೋದೆ. ಅವಳು ಮೆಲ್ಲಗೆ ತೆಗೆದಿಟ್ಟಳು. “ಶಾಲೇಲಿ ಯಾಕಮ್ಮ ಓದ್ಬೇಕು? ಅಲ್ಲಿ ಪಾಠ ಇರತ್ತಲ್ಲ” ಎಂದಳು. ಕೋಪವಿಲ್ಲ, ದೂರಿಲ್ಲ. ಆಗಲೇ ಇತ್ಯರ್ಥವಾಗಿ ಹೋದ ಸಂಗತಿ ಎಂಬಂತೆ ಹೇಳಿದಳು. ಶಾಲೆಗೂ ಓದಿಗೂ ಸಂಬಂಧವಿಲ್ಲವೆಂದು ಹನ್ನೊಂದರ ಮಗು ತೀರ್ಮಾನಿಸಿದರೆ ನೀವು ನಡೆಸುತ್ತಿರುವುದು ಏನನ್ನು, ಫಾದರ್?

ಆದ್ದರಿಂದ ನನ್ನ ಬೇಡಿಕೆ. ಆ ಪುಸ್ತಕವನ್ನು ನೀವೇ ಅವಳ ಕೈಗೆ ಹಿಂದಿರುಗಿಸಿ. ಸಭೆ ಬೇಡ, ವರಾಂಡ ಸಾಕು. ತಪ್ಪಿಸಿದ ವಾಚನವನ್ನು ಅವಳಿಗೆ ಕೊಡಿ. ಕಪಾಟುಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ತೆರೆದಿಡಿ. ಪುಸ್ತಕ ಹರಿದರೆ ಹರಿಯಲಿ, ಅಂಟಿಸಲು ನಾವು ತಾಯಂದಿರು ಬರುತ್ತೇವೆ. ಮತ್ತು ವಾರಕ್ಕೊಮ್ಮೆಯಾದರೂ ನೀವು ಆ ಲೈಬ್ರರಿ ಕೋಣೆಗೆ ಬಂದು ಕೂತು ಓದಿ. ಪ್ರಾರ್ಥನಾ ಪುಸ್ತಕ ಬೇಡ, ಸುತ್ತೋಲೆ ಬೇಡ, ನಿಮಗೆ ನಿಜಕ್ಕೂ ಇಷ್ಟವಾದ ಯಾವುದಾದರೂ ಕತೆ. ಮಕ್ಕಳಿಗೆ ಏನೂ ಬೋಧಿಸಬೇಡಿ. ನಗು ಬಂದ ಕಡೆ ತಡೆಯದೆ ನಕ್ಕುಬಿಡಿ. ಏನು ಓದುತ್ತಿದ್ದೀರಿ ಎಂದು ಅವರೇ ಬಂದು ಕೇಳುತ್ತಾರೆ.

ಇಂತಿ,
ನಿಮ್ಮ ಕರಪತ್ರವನ್ನು ಮಗಳಂತೆಯೇ ನಂಬಿ ಕೆಟ್ಟ
ಒಬ್ಬ ತಾಯಿ