ಎಲೆಯ ಎಡತುದಿಗೆ ಉಪ್ಪು

೯ ಏಪ್ರಿಲ್ ೧೯೬೩, ಮಂಗಳವಾರ

ಕ್ಷೌರದ ದಿನ. ಬೆಳಗಿನಿಂದ ಎಲ್ಲರ ಗಡ್ಡ ಕೆರೆದಾಯಿತು. ಬೋರಣ್ಣನವರದು ಕೊನೆಗೆ. ಸಾರಕ್ಕಿಯ ಈ ಮಹಾಕಾಯರು ಬ್ಲೇಡು ಕಂಡೊಡನೆ ಕಣ್ಣು ಮುಚ್ಚುತ್ತಾರೆ, ಮುಗಿಯಿತು ಅಂದರೂ ತೆರೆಯುವುದಿಲ್ಲ. ಅರ್ಧ ಮೀಸೆ ತೆಗೆದು ಅರ್ಧ ಬಿಟ್ಟುಬಿಡೋಣ ಅಂತ ಕೈ ತುರಿಸಿತು. ತಡೆದುಕೊಂಡೆ. ಚರಿತ್ರೆ ಇದನ್ನು ಗಮನಿಸಲಿ.

ಹಾಗೆ ಗಳಿಸಿದ ಪುಣ್ಯವನ್ನೆಲ್ಲ ಮಧ್ಯಾಹ್ನ ಕಳೆದುಕೊಂಡೆ. ಉಪ್ಪಿನ ಬಟ್ಟಲಿಗೆ ಸಕ್ಕರೆ ಪುಡಿ ತುಂಬಿಸಿಟ್ಟೆ.

ಮುಂದೊಂದು ದಿನ ಜಯನಗರವನ್ನು ಅಗೆದು ಈ ದಿನಚರಿ ಹೊರತೆಗೆಯುವ ಪಂಡಿತರ ಅನುಕೂಲಕ್ಕೆ ಕೆಲವು ವಿವರ. ಸ್ಥಳ: ಥರ್ಡ್ ಬ್ಲಾಕಿನ ಕೊನೆ, ಆಚೆ ಬರೀ ರಾಗಿ ಹೊಲ. ಮನೆ ನಮ್ಮ ಸೋದರತ್ತೆ ಕಮಲಾದೇವಿಯವರದು. ಬೋರ್ಡಿನ ಮೇಲೆ ‘ಸಹವಾಸ ನಿಲಯ’ ಅಂತಿದೆ. ಬುದ್ಧಿ ಬೆಳೆಯದೆ ವಯಸ್ಸು ಮಾತ್ರ ಬೆಳೆದವರು ಅಂತ ಮನೆಯವರು ತಂದುಬಿಟ್ಟ ದೊಡ್ಡವರು ಇಲ್ಲಿ ಇರುತ್ತಾರೆ. ಪ್ರಿನ್ಸಿಪಾಲರ ಕುರ್ಚಿಯಲ್ಲಿ ಮೇಕೆಮರಿ ಕೂರಿಸಿ ಕಾಲೇಜಿನಿಂದ ಹೊರಬಿದ್ದ ರಾಮಪ್ರಸಾದ ಎಂಬ ನನ್ನನ್ನೂ ಅದೇ ಕಾರಣಕ್ಕೆ ತಂದುಬಿಟ್ಟಿದ್ದಾರೆ. ನನಗೆ ಮಾತ್ರ ಸಂಬಳ ಉಂಟು.

ಅತ್ತೆಯ ಕಾನೂನು ಒಂದೇ. ಅವರ ಕೈಲಾಗದ್ದನ್ನು ಮಾಡಿಕೊಡು, ಕೈಲಾಗೋದನ್ನ ಮುಟ್ಟಬೇಡ. ಹಾಗಾಗಿ ಇಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಖಾತೆ. ಗಿಡಗಳಿಗೆ ನೀರು ಬೋರಣ್ಣ. ಪಂಕ್ತಿಗೆ ಉಪ್ಪು ಸೇತುರಾಮನವರು, ಅಂದರೆ ಸೇತಣ್ಣ, ನನಗಿಂತ ಹತ್ತು ವರ್ಷ ದೊಡ್ಡವರು. ಎಲೆಯ ಎಡತುದಿಗೆ, ಒಂದು ಚಿಟಿಕೆ. ಎಲ್ಲರಿಗೂ ಹಾಕಿ, ಕೊನೆಯ ಎಲೆಗೆ ತಾವು ಕೂರುತ್ತಾರೆ. ಆಮೇಲೆ ಸರದಿಯ ಪ್ರಕಾರ ನಮ್ಮಲ್ಲೊಬ್ಬರು ಎದ್ದು ಅವರ ಎಲೆಗೆ ಉಪ್ಪು ಹಾಕಬೇಕು. ಅಲ್ಲಿಯವರೆಗೆ ಯಾರೂ ಅನ್ನ ಮುಟ್ಟುವಂತಿಲ್ಲ. ಜಾಸ್ತಿ ಬಿದ್ದರೆ ತೆಗೆಸಿ ಮತ್ತೆ ಹಾಕಿಸುತ್ತಾರೆ. ನನ್ನ ಕೈಯಿಂದ ಒಂದೊಂದು ದಿನ ಮೂರು ಸಲ.

ಸಕ್ಕರೆಯ ವಿಷಯ. ಬೆರಳಿಗೆ ತಗುಲಿದೊಡನೆ ಲವಣ ಮಂತ್ರಿಗಳು ನಿಂತುಬಿಟ್ಟರು. ಹಾಕಲಿಲ್ಲ. ಹುಳಿ ಆರಿತು. ಅತ್ತೆ ನನ್ನ ಮುಖ ನೋಡಿದರು... ಎದ್ದು ಹೋಗಿ ಉಪ್ಪು ತಂದೆ.

ಪಾತ್ರೆ ತೊಳೆಯುವ ಶಿಕ್ಷೆ. ಒಂದು ವಾರ.

೧೪ ಏಪ್ರಿಲ್, ಭಾನುವಾರ

ಸೇತಣ್ಣನ ತಂದೆ ಬದರಿನಾಥ ರಾಯರು ಬಂದಿದ್ದರು, ಬಸವನಗುಡಿಯಿಂದ. ತಂದೆ ಬದರಿ, ಮಗ ಸೇತು. ನಡುವೆ ಇಡೀ ಭಾರತ ದೇಶ. ತಿಂಗಳಿಗೊಮ್ಮೆ ಬರುತ್ತಾರೆ, ಕೊಬ್ಬರಿ ಮಿಠಾಯಿ ತರುತ್ತಾರೆ, ಮಗನ ಉಗುರು ನೋಡುತ್ತಾರೆ. ಊಟಕ್ಕೆ ಏಳಿ ಅಂದರೆ, ಮನೇಲಿ ಆಯ್ತು.

ಸೇತಣ್ಣ ಎಂದಿನಂತೆ ಕೇಳಿದರು.

“ಅಪ್ಪ, ಜಯಾ ಮದುವೆ?”

“ಇನ್ನೂ ಇಲ್ಲಪ್ಪ.”

ಜಯಾ ತಂಗಿ. ಮೊದಲು ಅವಳೂ ಬರುತ್ತಿದ್ದಳು. ನನ್ನ ಮದುವೇಲಿ ಉಪ್ಪು ನೀನೇ ಬಡಿಸಬೇಕು ಅಂತ ಯಾವತ್ತೋ ಅಂದಿದ್ದಳಂತೆ. ಸೇತಣ್ಣನವರ ಲೋಕದಲ್ಲಿ ‘ಯಾವತ್ತೋ’ ಅಂತ ಒಂದು ದಿನ ಇಲ್ಲ. ಅಂದಿದ್ದು ಅಂದಿದ್ದೇ.

ಮಿಠಾಯಿ ಹಿಡಿದು ಅವರು ಒಳಗೆ ಹೋದ ಮೇಲೆ ರಾಯರು ತಗ್ಗಿದ ದನಿಯಲ್ಲಿ ಅತ್ತೆಗೆ ಹೇಳಿದ್ದನ್ನು, ಕಿಟಕಿ ಒರೆಸುತ್ತಿದ್ದ ನಾನು ಬಹಳ ಕಷ್ಟಪಟ್ಟು ಕೇಳಿಸಿಕೊಂಡೆ. ಮದುವೆ ನಿಶ್ಚಯವಾಗಿದೆ. ಮೇ ಆರು. ತುಮಕೂರಿನ ಸಂಬಂಧ.

“ಅವನಿಗೆ ಹೇಳೋದು ಬೇಡ, ಅಮ್ಮ. ಜಯಾ ಒಬ್ಳೇ ಮಗಳು ಅಂತ ಹೇಳಿದೀವಿ ಅವ್ರಿಗೆ.”

ಅತ್ತೆ, ನಿಮ್ಮಿಷ್ಟ ಅಂದರು. ಅವರು ಹಾಗೆ ಅಂದರೆ ಅವರ ಇಷ್ಟ ಅಲ್ಲ ಅಂತ ಅರ್ಥ.

ನನಗೆ ಸುಳ್ಳು ಹೇಳುವವರ ಮೇಲೆ ಕೋಪವಿಲ್ಲ, ಅದು ನನ್ನದೇ ಕಸುಬು. ಆದರೆ ಕಿಟಕಿಯ ಆ ಗಾಜನ್ನು ಬಹಳ ಹೊತ್ತು ಒರೆಸಿದೆ.

೧೫ ಏಪ್ರಿಲ್, ಸಂಜೆ

ಸಾರಕ್ಕಿ ಕೆರೆಯವರೆಗೆ ವಾಕಿಂಗ್. ಬೋರಣ್ಣ ದಾರಿಯಲ್ಲಿ ಕಂಡ ಎಮ್ಮೆ, ಕಲ್ಲು ಒಡೆಯುವವರು, ಬಸ್ಸಿನ ಕಂಡಕ್ಟರು, ಎಲ್ಲರನ್ನೂ “ಊಟ ಆಯ್ತಾ?” ಅಂತ ವಿಚಾರಿಸಿಕೊಂಡರು. ಎಮ್ಮೆಯದು ಮಾತ್ರ ಆಗಿರಲಿಲ್ಲ.

ಸೇತಣ್ಣ ಏರಿಯ ಮೇಲೆ ಕೂತು ಹೊಂಗೆಯ ಎಲೆ ಸಾಲಾಗಿ ಹಾಸಿದರು. ಒಂದೊಂದರ ಎಡತುದಿಗೂ ಒಂದು ಚಿಟಿಕೆ ಮರಳು. ಎಷ್ಟು ಉದ್ದದ ಪಂಕ್ತಿ! ಯಾರ ಮದುವೆ ಸೇತಣ್ಣ ಅಂದೆ. ಜಯಾದು, ಅಂದರು, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ.

“ಅಪ್ಪ ಇನ್ನೂ ಇಲ್ಲ ಅಂತಾರೆ. ಇದೆ ಅಲ್ವಾ, ರಾಮು?”

ಹದಿನೆಂಟು ಸುಳ್ಳು ಬಾಯಲ್ಲಿ ಸಿದ್ಧವಾಗಿದ್ದವು. ಒಂದೂ ಹೊರಗೆ ಬರಲಿಲ್ಲ.

“ಇದೆ,” ಅಂದೆ.

ಅವರು ತಲೆಯಾಡಿಸಿ ಸಾಲಿನ ಕೊನೆಗೆ ಇನ್ನೊಂದು ಎಲೆ ಇಟ್ಟರು. ಅದಕ್ಕೆ ಮರಳು ಹಾಕಲಿಲ್ಲ. ನನ್ನನ್ನು ನೋಡಿದರು. ನಾನು ಹಾಕಿದೆ. ಜಾಸ್ತಿ ಬಿತ್ತು. ತೆಗೆಸಿದರು.

೨೩ ಏಪ್ರಿಲ್

ರಾಜಕಾರ್ಯ ಆರಂಭ. ನಮ್ಮ ಅಡುಗೆಯ ಅಂಜನಮ್ಮನ ತಮ್ಮ ಮದುವೆ ಅಡುಗೆಯವರು, ಬಸವನಗುಡಿಯ ಅರ್ಧ ಮದುವೆಗಳಿಗೆ ಅವರದೇ ಸೌಟು. ಈ ಮದುವೆಗೂ. ಬಡಿಸಲು ಕೈ ಕಮ್ಮಿ ಇದೆಯಂತೆ. ಇಬ್ಬರು ಸಿಗುತ್ತಾರೆ, ಒಬ್ಬ ಎಲ್ಲ ಬಡಿಸುತ್ತಾನೆ, ಇನ್ನೊಬ್ಬರು ಉಪ್ಪು ಮಾತ್ರ, ಅಂತ ಹೇಳಿ ಕಳಿಸಿದೆ. ಮಕ್ಕಳ ಪಂಕ್ತಿ ಹಿಂದಿನ ವರಾಂಡದಲ್ಲಿ. ಅಲ್ಲಿ ಒಂದು ಸುತ್ತು ಉಪ್ಪು ಹಾಕಿಸಿ, ಹಿತ್ತಿಲ ಬಾಗಿಲಿಂದ ಪಾರು. ತಂಗಿಯ ಮದುವೆಯಲ್ಲಿ ಉಪ್ಪು ಬಡಿಸಿದ ಹಾಗೂ ಆಯಿತು, ಯಾರಿಗೂ ತಿಳಿಯಲಿಲ್ಲ ಅಂತಲೂ ಆಯಿತು.

ಅಂಜನಮ್ಮ ಒಪ್ಪಿದರು. ಆದರೆ ಕೈ ಮುಗಿದು ಹೇಳಿದರು:

“ಕಮಲಮ್ಮನೋರಿಗೆ ಗೊತ್ತಾದ್ರೆ ನಿನ್ ಜೊತೆ ನನ್ನೂ ಒರಳಿಗೆ ಹಾಕಿ ರುಬ್ತಾರೆ ಕಣೋ.”

ಅತ್ತೆಗೆ ಲಾಲ್‌ಬಾಗಿಗೆ ಹೋಗುತ್ತೇವೆ ಅಂತ ಹೇಳುವುದು. ಇಷ್ಟು ನಿಖರವಾದ ಯೋಜನೆ ಮೇಕೆಮರಿಯ ಸಲವೂ ಇರಲಿಲ್ಲ.

೬ ಮೇ, ಸೋಮವಾರ, ಸಂಜೆ

ನಿಧಾನವಾಗಿ ಬರೆಯಬೇಕು.

ಛತ್ರದ ಹಿತ್ತಿಲಿಂದ ಹೋದೆವು. ಸೇತಣ್ಣನಿಗೆ ಪಂಚೆ, ಹೆಗಲಿಗೆ ಶಲ್ಯ, ಕೈಯಲ್ಲಿ ಬೆಳ್ಳಿ ಬಟ್ಟಲು. ಧಾರೆ ಮುಗಿದಿತ್ತು. ಹಂಡೆಗಳ ಹಬೆಯಲ್ಲಿ ಯಾರೂ ನಮ್ಮನ್ನು ನೋಡಲಿಲ್ಲ. ಅಂಜನಮ್ಮನ ತಮ್ಮ, ಭೂಮದ ಎಲೆ ಹಾಕಿ ಅಂತ ಕೂಗಿದರು. ಭೂಮ ಅಂದರೆ ಗೊತ್ತೇ ಇದೆ. ದೊಡ್ಡ ರಂಗೋಲೆ ಹಾಕಿ, ಹೊಸ ಗಂಡಹೆಂಡಿರನ್ನು ಜೊತೆಗೆ ಕೂರಿಸಿ, ಗಂಡಿನ ಕಡೆಯವರಿಗೆ ಬಡಿಸುವ ಊಟ. ಬೀಗರ ಪಂಕ್ತಿ. ಅಲ್ಲಿ ಒಂದು ಸೌಟು ತಪ್ಪಿದರೂ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ನಾನು ಕೋಸಂಬರಿ ಪಾತ್ರೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಪಕ್ಕದಲ್ಲಿ ಸೇತಣ್ಣ ಇಲ್ಲ. ಮಕ್ಕಳ ಪಂಕ್ತಿಯಲ್ಲೂ ಇಲ್ಲ. ಜಯಾ ಎಲ್ಲಿದ್ದಳೋ ಅಲ್ಲಿಗೆ ಹೋಗಿದ್ದರು. ಮತ್ತೆಲ್ಲಿ ಹೋಗುತ್ತಾರೆ?

ಭೂಮದ ಪಂಕ್ತಿಯಲ್ಲಿ ಬಗ್ಗಿ, ಒಂದೊಂದು ಎಲೆಗೂ ಎಡತುದಿಗೆ. ಏನು ಶಿಸ್ತು. ಹುಡುಗನ ಅಜ್ಜಿ ಅಮ್ಮಣ್ಣಮ್ಮ ಅಂತ, ಕೆನ್ನೆ ತುಂಬ ಅರಿಶಿನ, ಹದವಾಗಿ ಹಾಕ್ತೀಯಪ್ಪ ಅಂದರು. ಜಯಾ ತಲೆ ಬಗ್ಗಿಸಿದ್ದಳು. ಅವಳ ಎಲೆಗೆ ಹಾಕುವಾಗ ಕೈ ನೋಡಿದಳು. ಆಮೇಲೆ ಮುಖ. ಬಾಸಿಂಗದ ಕೆಳಗೆ ಅವಳ ಕಣ್ಣು ಹೇಗಾಯಿತು ಅಂತ ನಾನು ಬರೆಯುವುದಿಲ್ಲ. ಏನೂ ಅನ್ನಲಿಲ್ಲ, ಸದ್ಯ. ಮುಗಿಯಿತು, ಇನ್ನು ಹೊರಟುಬಿಡೋಣ ಅಂದುಕೊಂಡೆ.

ಮರೆತದ್ದು ಒಂದೇ. ನಮ್ಮ ನಿಲಯದಲ್ಲಿ ಉಪ್ಪು ಹಾಕಿ ಮುಗಿಸಿದವರು ಪಂಕ್ತಿಯ ಕೊನೆಗೆ ಕೂರುತ್ತಾರೆ.

ಕೊನೆಯ ಎಲೆ ಖಾಲಿಯಿತ್ತು. ಹುಡುಗನ ಚಿಕ್ಕಪ್ಪನದು, ಅವರು ಕೈ ತೊಳೆಯಲು ಹೋಗಿದ್ದರು. ಸೇತಣ್ಣ ಬಟ್ಟಲನ್ನು ಪಕ್ಕದಲ್ಲಿಟ್ಟು, ಪಂಚೆ ಸರಿ ಮಾಡಿಕೊಂಡು, ಕೂತರು. ಕಾದರು.

ಅನ್ನ ಬಂತು. ತೊವ್ವೆ ಬಂತು. ರಾಯರು ಎಲೆಯಿಂದ ಎಲೆಗೆ ಬಗ್ಗಿ ತುಪ್ಪ ಹಾಕುತ್ತ ಉಪಚಾರ ಹೇಳುತ್ತ ಬರುತ್ತಿದ್ದರು. ಚಿಕ್ಕಪ್ಪ ವಾಪಸು ಬಂದರು. ಅಡುಗೆಯವನು ಬೀಗರ ಪಂಕ್ತೀಲಿ ಕೂತಿದಾನಲ್ರೀ ಅಂದರು. ಗಟ್ಟಿಯಾಗಿ ಅಲ್ಲ, ಆದರೆ ಎಲ್ಲರಿಗೂ ಕೇಳಿಸಿತು. ಏಳಿ ಸೇತಣ್ಣ ಅಂತ ನಾನು ಭುಜ ಹಿಡಿದೆ.

“ನಂಗೆ ಉಪ್ಪು ಹಾಕಿಲ್ಲ,” ಅಂದರು.

ನನ್ನ ಬಳಿ ಸುಳ್ಳು ಇತ್ತು. ಹೊಸಬ, ಸ್ವಲ್ಪ ಪೆದ್ದ, ಕ್ಷಮಿಸಬೇಕು, ಅಂದರೆ ಮುಗಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು. ಜಯಾ ಬಚಾವು, ರಾಯರು ಬಚಾವು. ಬಾಯಿ ತೆರೆದೂ ಆಗಿತ್ತು.

ಜಯಾ ಎದ್ದಳು. ಮದುಮಗಳು ಭೂಮದಿಂದ ಏಳಬಾರದು ಅಂತ ಯಾರೋ ಅಂದರು. ಸೆರಗಿನ ಗಂಟು ಗಂಡನ ಶಲ್ಯಕ್ಕೆ ಕಟ್ಟಿತ್ತು, ಅವನೂ ಏಳಬೇಕಾಯಿತು. ಇಬ್ಬರೂ ಪಂಕ್ತಿಯ ಕೊನೆಗೆ ಬಂದರು. ಅವಳು ಬಟ್ಟಲು ತೆಗೆದುಕೊಂಡು ಸೇತಣ್ಣನ ಎಲೆಗೆ ಉಪ್ಪು ಹಾಕಿದಳು. ಒಂದು ಚಿಟಿಕೆ. ಸರಿಯಾಗಿತ್ತು.

“ಇವ್ನು ನಮ್ಮಣ್ಣ,” ಅಂದಳು. ಗಂಡನಿಗೆ.

ಒಲೆಯ ಸೌದೆ ಚಟಪಟ ಅನ್ನುವುದು ಕೇಳಿಸುತ್ತಿತ್ತು. ಬೀಗರು, ಅಂದರೆ ಹುಡುಗನ ತಂದೆ, ರಾಯರ ಕಡೆ ತಿರುಗಿದರು. ರಾಯರು ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದರು. ಕೊನೆಗೆ ಅಮ್ಮಣ್ಣಮ್ಮ ಬಾಯಿಬಿಟ್ಟರು.

“ಮೊದ್ಲೇ ಹೇಳಿದ್ರೆ ನಾವೇನು ಹುಡುಗೀನ ಬೇಡ ಅಂತಿದ್ವಾ?” ಸ್ವಲ್ಪ ಯೋಚಿಸಿದರು. “ಅಂತಿದ್ವೇನೋ. ಈಗ ಆಗಿಹೋಯ್ತಲ್ಲ. ಎಲೆ ಮುಂದೆ ಕೂತೋನ್ನ ಎಬ್ಬಿಸ್ಬಾರ್ದು. ಚಿಕ್ಕಪ್ಪಂಗೆ ಇನ್ನೊಂದು ಎಲೆ ಹಾಕಿ.”

ಊಟ ನಡೆಯಿತು. ಬೀಗರು ಪಾಯಸ ಮುಟ್ಟಲಿಲ್ಲ. ರಾಯರು ಉಳಿದ ಎಲೆಗಳಿಗೆಲ್ಲ ತುಪ್ಪ ಹಾಕಿದರು. ಸೇತಣ್ಣನ ಎಲೆಯ ಹತ್ತಿರ ಬಂದು, ತಿರುಗಿ ಒಳಗೆ ಹೋದರು.

ಬಸ್ಸಿನಲ್ಲಿ ಸೇತಣ್ಣ ಕಿಟಕಿಯ ಪಕ್ಕ ಕೂತಿದ್ದರು. ಚೆನ್ನಾಗಿತ್ತಾ ಅಂದೆ. ಹೂಂ ಅಂದರು. ಸೌತ್ ಎಂಡ್ ದಾಟಿದ ಮೇಲೆ ಹೇಳಿದರು:

“ಅಪ್ಪ ತುಪ್ಪ ಹಾಕ್ಲಿಲ್ಲ.”

೭ ಮೇ

ಬೆಳಿಗ್ಗೆಯೇ ರಾಯರು ಬಂದರು. ಮಿಠಾಯಿ ಇಲ್ಲ. ಮಗನನ್ನು ನೋಡಲಿಲ್ಲ. ಇವನಿಗೆ ಬೇರೆ ಊರಿನಲ್ಲಿ ಎಲ್ಲಾದರೂ ಜಾಗ ನೋಡುತ್ತೇನೆ, ಬಟ್ಟೆಬರೆ ಸಿದ್ಧ ಮಾಡಿಡಿ ಅಂತ ಹೇಳಿ ಹೋದರು.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಇಲ್ಲಿ ಭಾರೀ ಗಾಂಭೀರ್ಯದಿಂದ ಬರೆಯುತ್ತಿದ್ದೆ.

“ಸೇತುಗೆ ಆಸೆ ಇತ್ತು, ಸರಿ. ಆ ಹುಡುಗಿ ಬಾಳನ್ನ ನಿನ್ನ ಕೈಗೆ ಯಾರು ಕೊಟ್ಟಿದ್ರೋ ರಾಮು?”

ಯಾರೂ ಶಿಕ್ಷೆ ಹಾಕದಿದ್ದರೂ ಹೋಗಿ ಪಾತ್ರೆ ತೊಳೆದೆ.

೧೬ ಮೇ

ತುಮಕೂರಿನ ಸುದ್ದಿ ಇಲ್ಲ. ರಾಯರ ಸುದ್ದಿಯೂ ಇಲ್ಲ. ಸೇತಣ್ಣನ ಟ್ರಂಕು ಬಾಗಿಲ ಹತ್ತಿರ ಇದೆ. ಎಲ್ಲಿಗೆ ಅಂತ ಅವರು ಕೇಳಿಲ್ಲ. ಬೋರಣ್ಣ ಎರಡು ಸಲ ಅದನ್ನು ಒಳಗಿಟ್ಟು ಬಂದರು.

ಬೋರಣ್ಣನ ಮೀಸೆ ಎರಡೂ ಕಡೆ ಸಮ. ಯಾವುದರಲ್ಲೂ ಮನಸ್ಸಿಲ್ಲ.

೨೬ ಮೇ, ಭಾನುವಾರ, ಮಧ್ಯಾಹ್ನ

ಬಂದರು. ರಾಯರು, ಜಯಾ, ಅವಳ ಗಂಡ. ಟ್ರಂಕು ತೆಗೆದುಕೊಂಡು ಹೋಗಲೋ ಏನೋ, ರಾಯರು ಹೇಳಲಿಲ್ಲ. ವರಾಂಡದ ಬೆಂಚಿನ ತುದಿಯಲ್ಲಿ ಕೂತು ಟ್ರಂಕನ್ನೇ ನೋಡುತ್ತಿದ್ದರು. ಮಾವ ಇನ್ನೂ ಸರಿಯಾಗಿ ಮಾತಾಡುವುದಿಲ್ಲ, ಅಜ್ಜಿ ಮಾತಾಡಿಸುತ್ತಾರೆ, ಅಂತ ಜಯಾ ನಮ್ಮ ಅತ್ತೆಗೆ ಹೇಳಿದಳು. ನನ್ನನ್ನು ನೋಡಿ ಬಯ್ಯಲೂ ಇಲ್ಲ, ನಗಲೂ ಇಲ್ಲ. ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ನಾನು ಅರ್ಹನಲ್ಲ.

ಎಲೆ ಹಾಕಿದೆವು. ಏಳಿ ಅಂದರೆ ರಾಯರು, ಮನೇಲಿ ಆಯ್ತು ಅಂದರು. ಜಯಾ, ಮನೇಲಿ ಏನೂ ಆಗಿಲ್ಲ ಅಂತ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ಬೋರಣ್ಣನ ಪಕ್ಕ ಕೂರಿಸಿದಳು. ಇಷ್ಟು ವರ್ಷಕ್ಕೆ ಮೊದಲ ಸಲ.

ಸೇತಣ್ಣ ಎಲ್ಲರಿಗೂ ಹಾಕಿದರು. ತಂದೆಗೂ, ಎಡತುದಿಗೆ. ಕೊನೆಯ ಎಲೆಗೆ ಕೂತರು. ಇವತ್ತು ಅವರಿಗೆ ಉಪ್ಪು ಹಾಕುವ ಸರದಿ ನನ್ನದು.

ಬಟ್ಟಲನ್ನು ರಾಯರ ಎಲೆಯ ಪಕ್ಕ ಇಟ್ಟೆ. ಹೋಗಿ ನನ್ನ ಜಾಗದಲ್ಲಿ ಕೂತೆ. ಮುಖದಲ್ಲಿ ನನ್ನ ಜನ್ಮದಲ್ಲೇ ಇಲ್ಲದ ಗಾಂಭೀರ್ಯ.

ಯಾರೂ ಅನ್ನ ಮುಟ್ಟಲಿಲ್ಲ. ಅತ್ತೆ ನನ್ನ ಕಡೆ ನೋಡಿ, ಎಲೆಯ ಕಡೆ ನೋಡಿದರು. ಹುಳಿಯ ಹಬೆ ನಿಂತಿತು. ಯಾಕೆ ಶುರು ಮಾಡಿಲ್ಲ ಅಂತ ಜಯಾಳ ಗಂಡ ಮೆಲ್ಲಗೆ ಕೇಳಿದ. ಅವಳು ಕಿವಿಯಲ್ಲಿ ಏನೋ ಹೇಳಿದಳು. ಅವನೂ ಕೈ ಹಿಂದೆ ತೆಗೆದ.

ಬೋರಣ್ಣ ರಾಯರ ಮುಖವನ್ನೇ ನೋಡಿ ಕೇಳಿದರು.

“ಊಟ ಆಯ್ತಾ?”

“ಇಲ್ಲ,” ಅಂದರು ರಾಯರು.

ಆಮೇಲೆ ಎದ್ದರು. ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ. ಬಟ್ಟಲು ತೆಗೆದುಕೊಂಡು ಪಂಕ್ತಿಯ ಉದ್ದಕ್ಕೂ ನಡೆದು ಕೊನೆಗೆ ಬಂದು ನಿಂತರು. ಎಲ್ಲಿಗೆ ಅಂತ ತೋಚಲಿಲ್ಲವೋ ಏನೋ. ಸೇತಣ್ಣ ಬೆರಳಿಟ್ಟು ತೋರಿಸಿದರು.

“ಇಲ್ಲಿ, ಅಪ್ಪ.”

ರಾಯರು ಬಗ್ಗಿದರು. ಬಹಳ ಜಾಸ್ತಿ ಬಿತ್ತು. ನಾನಾಗಿದ್ದರೆ ತೆಗೆಸಿ ಮತ್ತೆ ಹಾಕಿಸುತ್ತಿದ್ದರು. ಇವತ್ತು ಸೇತಣ್ಣ ಅದನ್ನು ಹಾಗೇ ಬಿಟ್ಟು ಅನ್ನ ಕಲಸಿದರು.