ಟ್ರಾಲಿ ನಿಲ್ಲಿಸುವ ಜಾಗ

ಆಸ್ಪತ್ರೆ ಲಾಂಡ್ರಿಯ ಮೇಲ್ವಿಚಾರಕರಿಗೆ ನಮಸ್ಕಾರ.

ನಾಳೆಯಿಂದ ನನ್ನ ತಮ್ಮ ಒಬ್ಬನೇ ಕೆಲಸಕ್ಕೆ ಬರುತ್ತಾನೆ. ಅವನಿಗೆ ಆಟಿಸಂ ಇರುವುದು ನಿಮಗೆ ಗೊತ್ತೇ ಇದೆ. ಆದರೂ ಮನಸ್ಸು ಕೇಳುತ್ತಿಲ್ಲ, ಬರೆಯುತ್ತಿದ್ದೇನೆ. ಅವನ ಮೇಜು ಬದಲಾಯಿಸುವುದಿದ್ದರೆ ಹಿಂದಿನ ದಿನವೇ ತಿಳಿಸಿ. "ಸ್ವಲ್ಪ ಬೇಗ ಮಾಡಪ್ಪ" ಎನ್ನಬೇಡಿ, ಎಷ್ಟು ಗಂಟೆಗೆ ಬೇಕೆಂದು ಹೇಳಿ. ಹಿಂದಿನ ಎರಡು ಕೆಲಸ ಹೋಗಿದ್ದು ಇಂಥದ್ದಕ್ಕೇ. ಕಿವಿ ಮುಚ್ಚಿಕೊಂಡರೆ ಮುಟ್ಟಬೇಡಿ, ತಾನೇ ಸರಿಹೋಗುತ್ತಾನೆ. ಇದನ್ನೆಲ್ಲ ಮೊದಲೇ ಹೇಳಿದ್ದೆನೇನೋ. ಇರಲಿ, ಇನ್ನೊಮ್ಮೆ ಓದಿ.

ನಾಲ್ಕು ತಿಂಗಳು ಪಕ್ಕದಲ್ಲೇ ಇದ್ದು ಅವನಿಗೆ ಬೆಡ್‌ಶೀಟ್ ಮಡಚುವುದನ್ನು ಕಲಿಸಿದೆ. ಇನ್ನೊಂದು ತಿಂಗಳು ಬರಲೇ ಎಂದು ನಿಮ್ಮನ್ನು ಕೇಳಲು ನಿನ್ನೆ ಕುರ್ಚಿಯಿಂದ ಏಳುತ್ತಿದ್ದೆ. ತಮ್ಮ ತಲೆಯೆತ್ತದೆ, ಮಡಚುತ್ತಲೇ ಹೇಳಿದ: "ಅಕ್ಕಾ, ನೀನು ಕೂತಿರೋದು ಟ್ರಾಲಿ ನಿಲ್ಲಿಸೋ ಜಾಗ. ಅದಕ್ಕೇ ನಾನು ದಿನಾ ಸುತ್ತು ಹಾಕ್ಕೊಂಡು ಬರ್ತಿದ್ದೀನಿ."

ನೆಲ ನೋಡಿದೆ. ನನ್ನ ಕುರ್ಚಿಯ ಸುತ್ತ ಹಳದಿ ಗೆರೆಯ ಚೌಕವಿತ್ತು.

ದಯವಿಟ್ಟು ಆ ಕುರ್ಚಿ ತೆಗೆಸಿಬಿಡಿ. ನಾಳೆ ಅವನು ಬರುವಷ್ಟರಲ್ಲಿ ಅಲ್ಲಿ ಟ್ರಾಲಿ ನಿಂತಿರಲಿ.

ಇಂತಿ,
ಅವನ ಅಕ್ಕ

ಅವನು ಬಂದು ತಲುಪಿದ ಕೂಡಲೇ ನನಗೊಂದು ಫೋನ್ ಮಾಡಿ. ಬೇಡ, ಬಿಡಿ.