ಮತಪೆಟ್ಟಿಗೆಗಳ ನಡುವೆ ಸಿಕ್ಕಿಬಿದ್ದ ಡಿಎನ್‌ಎ ಪೆಟ್ಟಿಗೆ

ಮಾನ್ಯ ಚುನಾವಣಾಧಿಕಾರಿಗಳೇ,

ಸಿಂಧನೂರಿನ ನಮ್ಮ ಕಾಲೇಜಿಗಿದ್ದ ಒಂದೇ ಒಂದು ಕಂಪ್ಯೂಟರನ್ನು ಪಂಚಾಯಿತಿ ಚುನಾವಣೆಗೆಂದು ಜೀಪು, ಬೆಂಚುಗಳ ಜೊತೆ ಒಯ್ದವರು ನೀವು. ಜೀಪು ಬಂತು. ಕಾಲು ಮುರಿದುಕೊಂಡು ಬೆಂಚುಗಳೂ ಬಂದವು. ಕಂಪ್ಯೂಟರು ಮಾತ್ರ ಮತಪೆಟ್ಟಿಗೆಗಳ ಕೋಣೆಯಲ್ಲಿ ಅರಗಿನ ಮುದ್ರೆಯ ಹಿಂದೆ ಕೂತಿದೆ. ಅದು ಮಾಡಿದ ಅಪರಾಧವಾದರೂ ಏನು ಸ್ವಾಮಿ?

ಎಣಿಕೆಯ ದಿನ ನಾನೂ ಅಲ್ಲೇ ಡ್ಯೂಟಿಯಲ್ಲಿದ್ದೆ. ಕಂಪ್ಯೂಟರಿಗೆ ಕರೆಂಟನ್ನೇ ಕೊಡಲಿಲ್ಲ. ಇದ್ದ ಒಂದು ಪ್ಲಗ್ಗಿಗೆ ತಮ್ಮ ಟೇಬಲ್ ಫ್ಯಾನು ಹಾಕಲಾಗಿತ್ತು. ದಿನವಿಡೀ ಅದು ಹೊತ್ತದ್ದು ತಮ್ಮ ಚಹಾದ ಕಪ್ಪುಗಳನ್ನು. ಆದರೆ ಬಳಗಾನೂರಿನಲ್ಲಿ ಸೋತ ಗದ್ದೆಪ್ಪ ಅದನ್ನು ಕಂಡವನೇ, "ಆ ಟಿವಿಯಂಥಾದ್ದು ನನ್ನ ಓಟು ನುಂಗೈತ್ರೀ" ಎಂದು ಕೋರ್ಟಿಗೆ ಹೋದ. ತಾವು ಅದನ್ನು ಸಾಕ್ಷ್ಯವೆಂದು ಮುಚ್ಚಿಬಿಟ್ಟಿರಿ. ತೀರ್ಪು ಬರುವತನಕ ಬೀಗ ತೆಗೆಯುವಂತಿಲ್ಲವಂತೆ.

ಒಳಗೆ ಸಿಕ್ಕಿಕೊಂಡಿರುವುದು ನಮ್ಮ ರಸಾಯನಶಾಸ್ತ್ರದ ಉಪನ್ಯಾಸಕಿ ಮೆಹರಬಾನು ಅವರ ಕೆಲಸ. ಜೀವಕೋಶದೊಳಗಿನ ಡಿಎನ್‌ಎ ಎಳೆಗಳಲ್ಲಿ ನಾಲ್ಕೇ ಅಕ್ಷರ; ಯಾವುದಕ್ಕೆ ಯಾವುದು ಜೋಡಿ ಎಂಬುದು ಗೊತ್ತುಪಡಿಸಿದ್ದು. ಅಕ್ಷರಗಳನ್ನು ಸರಿಯಾಗಿ ಹೊಂದಿಸಿದರೆ ಎಳೆಗಳು ತಾವೇ ಕೂಡಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟಿಗೆಯಾಗುತ್ತವೆ. ತಪ್ಪಿದರೆ, ಮದುವೆಮನೆಯಲ್ಲಿ ಯಾರದೋ ಸೆರಗಿಗೆ ಯಾರದೋ ಶಲ್ಯ ಗಂಟು ಹಾಕಿದಂತೆ. ಹಾಗಾಗದಂತೆ ಪ್ರತಿ ಎಳೆಯನ್ನೂ ಉಳಿದೆಲ್ಲ ಎಳೆಗಳ ಜೊತೆ ತಾಳೆ ನೋಡುವುದು ಆ ಕಂಪ್ಯೂಟರಿನ ಕೆಲಸ. ನಕಲು ತೆಗೆದಿಟ್ಟ ಫ್ಲಾಪಿಯೂ ಅದರ ಬಾಯಲ್ಲೇ ಇದೆ. ಯುಗಾದಿಯೊಳಗೆ ಅಕ್ಷರಗಳ ಪಟ್ಟಿ ಕಳಿಸಿದರೆ ಬೆಂಗಳೂರಿನ ಪ್ರಯೋಗಶಾಲೆಯವರು ಎಳೆಗಳನ್ನು ನಿಜವಾಗಿಯೂ ಮಾಡಿಕೊಡುತ್ತಾರೆ. ತಪ್ಪಿದರೆ ಆ ಅವಕಾಶ ಬೇರೆಯವರಿಗೆ.

"ಪೆಟ್ಟಿಗಿ ಮುಚ್ಚಳ ಒಂದs ಉಳದೈತ್ರೀ ಸರ್. ಅದು ಒಳಗ ಕುಂತೈತಿ, ನಾ ಹೊರಗ ಕುಂತೀನಿ" ಎನ್ನುತ್ತಾರೆ ಅವರು.

ತಡೆಯಲಾರದೆ ತಮ್ಮ ಕಚೇರಿಗೆ ಬಂದು, "ಆ ಕಂಪ್ಯೂಟರಿನೊಳಗ ಒಂದು ಪೆಟ್ಟಿಗಿ ಐತ್ರೀ ಸಾಹೇಬ್ರ, ಅದು ಅರ್ಧಕ್ಕ ನಿಂತೈತಿ" ಎಂದು ಬಿಡಿಸಿ ಹೇಳಿದೆ. ತಾವು ಕನ್ನಡಕ ತೆಗೆದು ಕೇಳಿದ ಪ್ರಶ್ನೆ ನೆನಪಿದೆಯೇ? "ಪೆಟ್ಟಿಗೆ ಇದೆ ಅಂತ ನೀವೇ ಒಪ್ಪಿಕೊಂಡಿರಿ. ಅದರಲ್ಲಿ ಎಷ್ಟು ಮತ ಇವೆ?" ಒಂದೂ ಇಲ್ಲ ಎಂದೆ. "ಹಾಗಾದರೆ ಖಾಲಿ ಮಾಡಿದವರು ಯಾರು?" ಎಂದಿರಿ. ಅಂದೇ ಬಾಗಿಲಿಗೆ ಎರಡನೆಯ ಬೀಗ ಬಿತ್ತು. ವಿದ್ಯಾವಂತರ ಜೊತೆ ಮಾತಾಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಕಂಪ್ಯೂಟರನ್ನು ಹೊರಗೆ ಬಿಡಿ ಎಂದು ಇನ್ನು ಕೇಳುವುದಿಲ್ಲ. ಮೆಹರಬಾನು ಅವರನ್ನೂ ಒಳಗಿಟ್ಟು ಮುದ್ರೆ ಹಾಕಿ, ಬಾಗಿಲ ಸಂದಿಯಿಂದ ಒಂದು ಕರೆಂಟಿನ ವೈರು ಬಿಡಿ. ಸಾಕ್ಷ್ಯ ಇದ್ದಲ್ಲೇ ಇರುತ್ತದೆ, ಅಕ್ಷರಗಳಷ್ಟೇ ಹೊರಗೆ ಬರುತ್ತವೆ. ಗದ್ದೆಪ್ಪನ ತಕರಾರೂ ಇಲ್ಲ. "ಒಳಗ ಹೋಗ್ಲಿ ಬಿಡ್ರೀ ಆ ತಂಗಿ, ಹಂಗs ನನ್ನ ಓಟೂ ಒಂದೀಟು ಹುಡುಕ್ಲಿ" ಎಂದಿದ್ದಾನೆ. ಮೆಹರಬಾನು ಹಾಸಿಗೆ ಸುತ್ತಿಟ್ಟುಕೊಂಡು ಕಾಯುತ್ತಿದ್ದಾರೆ. ಅವರ ತಾಯಿ ಮೆಹಬೂಬ್‌ಬೀ ಕೇಳಿದ್ದು ಒಂದೇ ಮಾತು: "ರೊಟ್ಟಿ ಕೊಡಾಕ ಕಿಟಕಿ ಐತೇನ್ರೀ?"

ಇದೆಯೇ? ದಯಮಾಡಿ ತಿಳಿಸಿ.

ಇಂತಿ,
ತಮ್ಮ ಎರಡೂ ಬೀಗಗಳ ಹೊರಗೆ ನಿಂತಿರುವ
ಯಂಕೋಬ, ಭೌತಶಾಸ್ತ್ರ ಉಪನ್ಯಾಸಕ
ಸಿಂಧನೂರು, ೧೯೯೪